ಲಗ್ನಪತ್ರಿಕೆ ಹಂಚೋಕೆ ಮ್ಯಾಪ್ ಸಾಕಾ, ಆಟೋ ಅಣ್ಣ ಬೇಕಾ?

ತುಮಕೂರಿನಲ್ಲಿ ಮನೆ ಹುಡುಕುವುದಕ್ಕೆ ಫೋನಿನ ಮ್ಯಾಪ್ ವಾಸಿನಾ, ಊರು ಗೊತ್ತಿರುವ ಆಟೋದವರು ವಾಸಿನಾ ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ: ಹಳೇ ಬಡಾವಣೆಗಳಿಗೆ ಆಟೋ ಅಣ್ಣ, ಊರು ದಾಟಿದ ಮೇಲೆ ಮ್ಯಾಪ್. ನಡುವೆ ಒಂದಿಷ್ಟು ಜಾಗದಲ್ಲಿ ಇಬ್ಬರೂ ಕೈ ಕೊಡುತ್ತಾರೆ. ಅದನ್ನೂ ಹೇಳುತ್ತೇನೆ.

ಇದು ಸುಮ್ನೆ ಕೂತು ಹೇಳುತ್ತಿರುವ ಮಾತಲ್ಲ. ತಂಗಿಯ ಮದುವೆ ಪತ್ರಿಕೆ ಹಂಚುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವಾಟ್ಸಾಪ್‌ನಲ್ಲಿ ಕಳಿಸಿದರೆ ಆಗಲ್ವಾ ಅಂದರೆ ಅಮ್ಮ ಕೇಳಲಿಲ್ಲ. ಮನೆಗೇ ಹೋಗಬೇಕು, ಕುಂಕುಮ ಕೊಡಬೇಕು, ಬಾಯಿತುಂಬ ಕರೆಯಬೇಕು. ಕೆಲವು ದಿನ ನಮ್ಮ ಕಾರು ಮತ್ತು ಮ್ಯಾಪ್, ಕೆಲವು ದಿನ ಬೀದಿ ಕೊನೆಯ ಸ್ಟ್ಯಾಂಡಿನ ಆಟೋ. ಫೋನಿನಲ್ಲಿ ಬೇರೆ ಬೇರೆ ಕಂಪನಿಯ ಎರಡು ಮ್ಯಾಪ್ ಇದ್ದವು. ಹೆಸರು ಬೇಡ, ಎರಡರ ಗುಣವೂ ಹೆಚ್ಚುಕಮ್ಮಿ ಒಂದೇ.

ವಿಳಾಸಗಳು ಅಮ್ಮನ ಹಳೇ ಡೈರಿಯಲ್ಲಿದ್ದವು. "ಎಸ್.ಎಸ್. ಪುರಂ, ಮೇಷ್ಟ್ರ ಮನೆ, ಹಸಿರು ಗೇಟು." "ಶೆಟ್ಟಿಹಳ್ಳಿ ರೋಡು, ನೀರಿನ ಟ್ಯಾಂಕ್ ಹಿಂದೆ." ಇಂಥದ್ದನ್ನು ಮ್ಯಾಪಿನಲ್ಲಿ ಏನಂತ ಟೈಪ್ ಮಾಡೋದು ಹೇಳಿ? ಬಡಾವಣೆ ಹೆಸರಾದರೂ ಹಾಕೋಣ ಅಂದರೆ ಅಲ್ಲೂ ಫಜೀತಿ. ನಮ್ಮಲ್ಲೂ ಜಯನಗರ ಇದೆ, ಗಾಂಧಿನಗರ ಇದೆ, ಎಂ.ಜಿ. ರೋಡ್ ಇದೆ. ಬೆಂಗಳೂರಿನಲ್ಲೂ ಇವೆಲ್ಲ ಇವೆ, ಅದೂ ಎಪ್ಪತ್ತೇ ಕಿಲೋಮೀಟರ್ ದೂರದಲ್ಲಿ. ಮುಂದೆ ತುಮಕೂರು ಅಂತ ಸೇರಿಸದೆ ಬರೀ ಜಯನಗರ, ಇಂತಿಷ್ಟನೇ ಕ್ರಾಸ್ ಅಂತ ಹಾಕಿದರೆ ಎರಡು ಗಂಟೆ ದಾರಿ ತೋರಿಸಿ, ನಡುವೆ ಟೋಲ್ ಇದೆ ಅಂತಲೂ ಹೇಳುತ್ತದೆ.

ಬಡಾವಣೆ ಸರಿಯಾಗಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಮನೆ ಮುಂದಕ್ಕೇ ಬಿಡುತ್ತದೆ ಅಂತ ನಂಬಬೇಡಿ. ಅಮ್ಮನ ಸೋದರಮಾವನ ಮನೆಗೆ ಹೊರಟಾಗ "ನೀವು ತಲುಪಿದ್ದೀರಿ" ಅಂದ ಕಡೆ ಇಳಿದರೆ ಎದುರಿಗೆ ಬರೀ ಕಾಂಪೌಂಡ್ ಗೋಡೆ. ಮೇಲೆ ಗಾಜಿನ ಚೂರು ನೆಟ್ಟಿದ್ದಾರೆ, ಗೋಡೆಯಾಚೆ ಒಣಗಲು ಹಾಕಿದ ಸೀರೆ ಕಾಣುತ್ತಿದೆ, ಒಳಗೆ ಕುಕ್ಕರ್ ಕೂಗಿದ್ದೂ ಕೇಳುತ್ತಿದೆ. ಮನೆಯೇನೋ ಅದೇ. ಆದರೆ ನಾವಿರುವುದು ಹಿತ್ತಿಲ ಕಡೆಯ ಸಂದಿಯಲ್ಲಿ. ಅಮ್ಮ ತಟ್ಟೆ ಹಿಡಿದುಕೊಂಡು ಗೋಡೆಯಾಚೆಗೆ "ಅತ್ತೇ" ಅಂತ ಕೂಗಿದರು. ಅತ್ತೆ ಬಂದು ಗೋಡೆಯ ಮೇಲಿಂದಲೇ, ಬಾಗಿಲಿಗೆ ಬರಬೇಕಾದರೆ ಸುತ್ತಿಕೊಂಡು ಬನ್ನಿ, ಕಾರು ಹಿಂದಕ್ಕೇ ತಗೋಬೇಕು, ಇಲ್ಲಿ ತಿರುಗಿಸೋಕೆ ಜಾಗ ಇಲ್ಲ ಅಂದರು. ಹೀಗಾಗುವುದಕ್ಕೆ ಕಾರಣ ದೊಡ್ಡದೇನಲ್ಲ. ಮ್ಯಾಪಿಗೆ ಸಿಗುವುದು ಒಂದು ಚುಕ್ಕೆ. ಆ ಚುಕ್ಕೆಗೆ ಯಾವ ರಸ್ತೆ ಹತ್ತಿರವೋ ಅಲ್ಲಿಗೆ ಕರೆತಂದು ಕೆಲಸ ಮುಗಿಯಿತು ಅನ್ನುತ್ತದೆ. ಬಾಗಿಲು ಯಾವ ಕಡೆಗಿದೆ ಅನ್ನುವುದು ಅದರ ಲೆಕ್ಕದಲ್ಲಿಲ್ಲ.

ಹಾಗಂತ ಉಪಗ್ರಹವನ್ನು ಬೈಯುವುದು ನ್ಯಾಯವಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುತ್ತಿವೆ. ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ನಮ್ಮ ಜೇಬಿನ ಫೋನು ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ, ಬಯಲಿನಲ್ಲಾದರೆ ಸುಮಾರು ಐದು ಮೀಟರ್ ಆಚೀಚೆ. 2000ನೇ ಇಸವಿಯ ಮೇ ತಿಂಗಳವರೆಗೆ, ಜಿಪಿಎಸ್ ನಡೆಸುವ ಅಮೆರಿಕದವರು ಸಾರ್ವಜನಿಕರ ಸಂಕೇತವನ್ನು ಬೇಕಂತಲೇ ಕೆಡಿಸಿ ಬಿಡುತ್ತಿದ್ದರು, ಆಗ ಆಚೀಚೆ ನೂರು ಮೀಟರಿನ ಲೆಕ್ಕ. ನಮ್ಮ ಇಸ್ರೋ ಕೂಡ ದಾರಿ ತೋರಿಸೋಕೆ ನಾವಿಕ್ ಅನ್ನುವ ಉಪಗ್ರಹಗಳನ್ನು ಹಾರಿಸಿದೆ, ಕೆಲವು ಫೋನುಗಳಲ್ಲಿ ಅದರ ಸೌಲಭ್ಯವೂ ಇದೆ. ಆದರೆ ಚಿಕ್ಕಪೇಟೆ, ಮಂಡಿಪೇಟೆ ಕಡೆ ಒತ್ತೊತ್ತಾಗಿ ಕಟ್ಟಿದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುತ್ತದೆ, ನೀಲಿ ಚುಕ್ಕೆ ಪಕ್ಕದ ಬೀದಿಗೆ ಹಾರುತ್ತದೆ. ಇನ್ನು ಕ್ಯಾತ್ಸಂದ್ರದ ಕಡೆ ಹೈವೇ ಪಕ್ಕದಲ್ಲೇ ಸರ್ವಿಸ್ ರೋಡ್. ಎರಡರ ನಡುವೆ ಇರುವುದೇ ಕೆಲವು ಮೀಟರ್. ನಾವು ಯಾವುದರ ಮೇಲಿದ್ದೇವೆ ಅಂತ ಫೋನಿಗೆ ತಿಳಿಯುವ ಹೊತ್ತಿಗೆ ಇಳಿಯಬೇಕಾದ ಜಾಗ ಹಿಂದೆ ಹೋಗಿರುತ್ತದೆ, ಮುಂದಿನ ತಿರುವಿನ ತನಕ ಅಮ್ಮನ ಕೈಲಿ ಮಾತು ಕೇಳಬೇಕು.

ಈಗ ಆಟೋ ಅಣ್ಣನ ವಿಷಯ. ಐವತ್ತು ದಾಟಿದ ಮನುಷ್ಯ. ಮಂಗಳೂರು ಹೆಂಚಿನ ಮನೆಗಳಿದ್ದಾಗಿನಿಂದ ಈ ಊರಿನಲ್ಲಿ ಗಾಡಿ ಓಡಿಸುತ್ತಿದ್ದಾರೆ. ಇವರಿಗೆ ಎಲ್ಲ ಮನೆಯೂ ಗೊತ್ತು ಅಂತ ನಾನು ಹೇಳುತ್ತಿಲ್ಲ, ಗೊತ್ತಿರಲಿಲ್ಲ ಕೂಡ. ಯಾರನ್ನು ಕೇಳಬೇಕು ಅನ್ನುವುದು ಗೊತ್ತಿತ್ತು. ನಾವಾದರೆ ರಸ್ತೆಯಲ್ಲಿ ಮೊದಲು ಸಿಕ್ಕವರನ್ನು ಕೇಳುತ್ತೇವೆ, ಅವರು ಗೊತ್ತಿಲ್ಲ ಅನ್ನೋಕೆ ನಾಚಿಕೊಂಡು ಯಾವುದೋ ಒಂದು ಕಡೆ ಕೈ ತೋರಿಸುತ್ತಾರೆ. ಇವರು ಹಾಗಲ್ಲ. ಎಸ್.ಎಸ್. ಪುರಂನಲ್ಲಿ ನಾಲ್ಕು ಜನ ನಿಂತಿದ್ದ ಟೀ ಅಂಗಡಿ ಬಿಟ್ಟು, ಇಬ್ಬರು ಹುಡುಗರನ್ನೂ ದಾಟಿ, ಮರದ ಕೆಳಗಿನ ಇಸ್ತ್ರಿ ಗಾಡಿ ಹತ್ತಿರ ನಿಲ್ಲಿಸಿದರು.

"ಮೇಷ್ಟ್ರು, ಹೈಸ್ಕೂಲಿಂದ ರಿಟೈರ್ ಆದೋರು, ಹಸಿರು ಗೇಟು."

ಇಸ್ತ್ರಿಯವರು ಪೆಟ್ಟಿಗೆ ಕೆಳಗಿಡದೆಯೇ, "ಗೇಟು ಈಗ ಕಪ್ಪು. ಮೂರನೇ ಮನೆ. ಮೇಷ್ಟ್ರು ಮಗಳ ಮನೇಲಿದಾರೆ, ಅಮ್ಮಾವ್ರು ಇದಾರೆ" ಅಂದರು.

ನೋಡಿ, ಇದನ್ನು ಯಾವ ಉಪಗ್ರಹ ಹೇಳುತ್ತದೆ? ಯಾಕೆ ಇಸ್ತ್ರಿಯವರನ್ನೇ ಕೇಳಿದ್ದು ಅಂದೆ. "ಸಾರ್, ಯಾರ ಮನೇಲಿ ಎಷ್ಟು ಜನ, ಯಾರು ಊರಲ್ಲಿಲ್ಲ ಅಂತ ಬಟ್ಟೆ ಲೆಕ್ಕದಲ್ಲೇ ಅವರಿಗೆ ಗೊತ್ತಾಗುತ್ತೆ" ಅಂದರು. ಬೆಳಗ್ಗೆಯಾದರೆ ಹಾಲಿನವರು, ಸಂಜೆಯಾದರೆ ಬೀದಿ ತುದಿಯ ಚಿಲ್ಲರೆ ಅಂಗಡಿ. ಹೊಸದಾಗಿ ಬಾಡಿಗೆಗೆ ಬಂದವರ ಮನೆಯಾದರೆ ಗ್ಯಾಸ್ ಸಿಲಿಂಡರ್ ಹಾಕುವ ಹುಡುಗರು.

ಹೊತ್ತಿನ ಲೆಕ್ಕದಲ್ಲೂ ಆಟೋ ಅಣ್ಣನದೇ ಕೈ ಮೇಲು. ಮ್ಯಾಪು ಊರಿನ ದೊಡ್ಡ ರಸ್ತೆಯಾದ ಬಿ.ಎಚ್. ರಸ್ತೆ ಜಾಮ್ ಆದ ಮೇಲೆ ಕೆಂಪು ಅಂತ ತೋರಿಸುತ್ತದೆ. ಅದೂ ರಸ್ತೆಯಲ್ಲಿರುವ ಫೋನುಗಳು ಎಷ್ಟು ನಿಧಾನ ಹೋಗುತ್ತಿವೆ ಅನ್ನುವುದರ ಮೇಲೆ. 2020ರಲ್ಲಿ ಬರ್ಲಿನ್‌ನ ಕಲಾವಿದರೊಬ್ಬರು 99 ಫೋನುಗಳನ್ನು ಒಂದು ತಳ್ಳುಗಾಡಿಯಲ್ಲಿ ತುಂಬಿಕೊಂಡು ಖಾಲಿ ರಸ್ತೆಯಲ್ಲಿ ನಡೆದು, ಅಲ್ಲಿ ಟ್ರಾಫಿಕ್ ಜಾಮ್ ಇದೆ ಅಂತ ಗೂಗಲ್ ಮ್ಯಾಪಿನಲ್ಲಿ ಬರುವಂತೆ ಮಾಡಿದ್ದರು, ನೆನಪಿದೆಯಾ? ಆಟೋ ಅಣ್ಣನಿಗೆ ಕೆಂಪಾಗುವ ಮೊದಲೇ ಗೊತ್ತು. ಬೆಳಗ್ಗೆ ಮಂಡಿಪೇಟೆಯಲ್ಲಿ ಲಾರಿಯಿಂದ ಮೂಟೆ ಇಳಿಸುತ್ತಿರುತ್ತಾರೆ, ಆ ಕಡೆ ಬೇಡ. ಸ್ಕೂಲು ಬಿಡುವ ಹೊತ್ತಿಗೆ ಭದ್ರಮ್ಮ ಸರ್ಕಲ್ ಕಡೆ ಬೇಡ. ಮಳೆ ಬಂದಿದ್ದರೆ ರೈಲ್ವೆ ಹಳಿ ಕೆಳಗಿನ ಅಂಡರ್‌ಪಾಸ್ ನಂಬಬೇಡಿ. ಶಿವರಾತ್ರಿ ಜಾತ್ರೆಯಾದರೆ ಸಿದ್ಧಗಂಗಾ ಮಠದ ಕಡೆಯ ದಾರಿಯ ಲೆಕ್ಕವೇ ಬೇರೆ. ಪೈಪ್ ಹಾಕೋಕೆ ಅಗೆದ ರಸ್ತೆಗಳಂತೂ ಅವರಿಗೆ ಬಾಯಿಪಾಠ. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಅಗೆತ ನೋಡಿ ನೋಡಿ ಅಭ್ಯಾಸವಾಗಿದೆ. ಮ್ಯಾಪು ಮಾತ್ರ ಅಗೆದ ರಸ್ತೆಯನ್ನೇ "ಬೇಗ ತಲುಪುವ ದಾರಿ" ಅಂತ ತೋರಿಸಿತು. ಅಗೆದ ಕಡೆ ಯಾರೂ ಹೋಗದಿದ್ದರೆ ಅಲ್ಲಿ ಜಾಮ್ ಎಲ್ಲಿಂದ ಬರಬೇಕು, ಅಲ್ವಾ?

ಓಣಿಯ ಅಗಲದ ವಿಷಯವೂ ಹಾಗೇ. ಕಾರಿಗೆ ಇಕ್ಕಟ್ಟಾಗುವ ರಸ್ತೆ ತಪ್ಪಿಸುವ ಸೌಲಭ್ಯವನ್ನು ಗೂಗಲ್ 2024ರಲ್ಲಿ ಮೊದಲು ಕೊಟ್ಟದ್ದು ಬೆಂಗಳೂರು, ಹೈದರಾಬಾದಿನಂಥ ಎಂಟು ಊರುಗಳಿಗೆ. ಆ ಪಟ್ಟಿಯಲ್ಲಿ ತುಮಕೂರು ಇರಲಿಲ್ಲ.

ಲಂಡನ್ನಿನಲ್ಲಿ ಕಪ್ಪು ಟ್ಯಾಕ್ಸಿ ಓಡಿಸಬೇಕಾದರೆ ಊರ ನಡುವಿನ ಚಾರಿಂಗ್ ಕ್ರಾಸ್‌ನಿಂದ ಸುತ್ತ ಆರು ಮೈಲಿ ಒಳಗಿನ ಸುಮಾರು 25,000 ರಸ್ತೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಬೇಕು. ಈ ಪದ್ಧತಿ 1865ರಿಂದ ಇದೆ. ಆ ಚಾಲಕರ ಮಿದುಳಿನಲ್ಲಿ ಜಾಗದ ನೆನಪು ಇಡುವ ಹಿಪೊಕ್ಯಾಂಪಸ್‌ನ ಹಿಂಭಾಗ ಬೇರೆಯವರದ್ದಕ್ಕಿಂತ ದೊಡ್ಡದಿತ್ತು ಅಂತ 2000ದಲ್ಲಿ ಎಲೀನರ್ ಮಗ್ವಾಯರ್ ಮತ್ತು ಜೊತೆಗಾರರು ಸ್ಕ್ಯಾನ್ ಮಾಡಿ ತೋರಿಸಿದರು. ಇದನ್ನು ಆಟೋ ಅಣ್ಣನಿಗೆ ಹೇಳಿದೆ. "ನಮ್ದು ಯಾರು ಸಾರ್ ಅಳೀತಾರೆ, ಮೀಟರೇ ಹಾಕಲ್ಲ ಅಂತ ಬೈತಾರೆ" ಅಂದು ನಕ್ಕರು.

ಬೈಯುವುದಕ್ಕೆ ಕಾರಣವೂ ಇದೆ. ಮ್ಯಾಪಿಗೆ ಸ್ವಂತದ ಕೆಲಸ ಇರುವುದಿಲ್ಲ. ಇವರಿಗೆ ಇರುತ್ತದೆ. ದಾರಿಯಲ್ಲಿ ಒಂದು ಕಡೆ ಚೀಟಿ ದುಡ್ಡು ಕೊಡಬೇಕು, ಇನ್ನೊಂದು ಕಡೆ ಬಾಮೈದನಿಗೆ ಏನೋ ಹೇಳಬೇಕು, ನಾವು ಪತ್ರಿಕೆ ಚೀಲ ತೊಡೆ ಮೇಲಿಟ್ಟುಕೊಂಡು ಕಾಯಬೇಕು. ಅರ್ಧ ದಿನದ ಬಾಡಿಗೆಯನ್ನು ಮೊದಲೇ ಮಾತಾಡಿಕೊಂಡರೂ ಕೊನೆಯಲ್ಲಿ "ಒಂದಿಷ್ಟು ಮೇಲೆ ಹಾಕಿ ಕೊಡಿ" ಇದ್ದದ್ದೇ. ಮದುವೆ ಮನೆಯವರು ಅಂತ ಗೊತ್ತಾದ ಮೇಲಂತೂ ಚೌಕಾಸಿ ನಡೆಯುವುದಿಲ್ಲ.

ಜೊತೆಗೆ ಅವರ ತಲೆಯಲ್ಲಿರುವುದು ಹಳೇ ತುಮಕೂರು. ಎಂದೋ ಕೆಡವಿದ ಟಾಕೀಸು ಅವರಿಗೆ ಇನ್ನೂ ಗುರುತು. ಡೈರಿ ವಿಳಾಸಗಳಿಗೆ ಅದು ಅನುಕೂಲವೇ, ಅಮ್ಮ ಹೇಳುವ ಗುರುತುಗಳೂ ಅದೇ ಕಾಲದವು. ಆದರೆ ರಿಂಗ್ ರೋಡ್ ಆಚೆ ಮೊನ್ನೆ ಮೊನ್ನೆ ಎದ್ದ ಬಡಾವಣೆಗೆ ಹೋದರೆ ಇಸ್ತ್ರಿ ಗಾಡಿಯೂ ಇಲ್ಲ, ಚಿಲ್ಲರೆ ಅಂಗಡಿಯೂ ಇಲ್ಲ, ರಸ್ತೆಗೆ ಬೋರ್ಡೂ ಇಲ್ಲ. ಕೇಳೋಣ ಅಂದರೆ ನಾಯಿ ಬಿಟ್ಟರೆ ಯಾರೂ ಇಲ್ಲ. ಅಲ್ಲಿ ಅಣ್ಣ ಮೌನ. ಮ್ಯಾಪು ಅಲ್ಲೂ ರಸ್ತೆಯ ಗೆರೆ ತೋರಿಸಿತು, ಮನೆ ತೋರಿಸಲಿಲ್ಲ. ಮೊದಲೇ ಹೇಳಿದ ಇಬ್ಬರೂ ಕೈ ಕೊಡುವ ಜಾಗ ಇದೇ. ಮನೆಯವರಿಗೇ ಫೋನ್ ಮಾಡಿ ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿ ಅನ್ನುವುದೊಂದೇ ದಾರಿ. ಅದನ್ನೂ ಮನೆ ಒಳಗೆ ಸೋಫಾದಲ್ಲಿ ಕೂತು ಕಳಿಸಬೇಡಿ, ಗೇಟಿನ ಹತ್ತಿರ ನಿಂತು ಕಳಿಸಿ ಅಂತ ಹೇಳಿ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಅಂತ ತಂದಿದೆ, ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರಿನ ಚೌಕ ಮಾಡಿ ಒಂದೊಂದಕ್ಕೂ ಹತ್ತು ಅಕ್ಷರ-ಅಂಕಿಯ ಗುರುತು. ನಮ್ಮ ನೆಂಟರಲ್ಲಿ ಒಬ್ಬರೂ ಅದರ ಹೆಸರು ಕೇಳಿರಲಿಲ್ಲ.

ತಾಲ್ಲೂಕುಗಳ ಕಡೆ ಹೊರಟರೆ ಮ್ಯಾಪಿಗೆ ಎದುರೇ ಇಲ್ಲ. ಪಾವಗಡದಲ್ಲಿ ಚಿಕ್ಕಪ್ಪನ ಬೀಗರಿದ್ದಾರೆ. ಅಷ್ಟು ದೂರ ಆಟೋದಲ್ಲಿ ಹೋಗುವವರು ಯಾರು, ಕಾರೇ ಗತಿ. ಕೊರಟಗೆರೆ, ಮಧುಗಿರಿ ದಾಟಿದ ಮೇಲೆ ದಾರಿ ಆಂಧ್ರದೊಳಗೆ ಹೋಗಿ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಬೋರ್ಡುಗಳೆಲ್ಲ ತೆಲುಗಿಗೆ ತಿರುಗಿದಾಗ ಅಮ್ಮ ಗಾಬರಿಯಾಗಿ "ದಾರಿ ತಪ್ಪಿತೇನೋ" ಅಂದರು. ಫೋನು ಮಾತ್ರ ತಣ್ಣಗೆ, ಕನ್ನಡದಲ್ಲೇ, ನೇರವಾಗಿ ಹೋಗಿ ಅಂತ ಹೇಳುತ್ತಿತ್ತು. ವಾಪಸ್ ಬರುವಾಗ ಕತ್ತಲಾಗಿತ್ತು, ರಸ್ತೆಯಲ್ಲಿ ಕೇಳೋಕೆ ಒಂದು ನರಪಿಳ್ಳೆ ಇರಲಿಲ್ಲ. ಆ ಹೊತ್ತಿನಲ್ಲಿ ಮ್ಯಾಪ್ ಇಲ್ಲದೆ ಹೊರಡುವ ಧೈರ್ಯ ನನಗಂತೂ ಇಲ್ಲ. ಹೊರಡುವ ಮೊದಲೇ ಆ ಭಾಗದ ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ. ನಡುನಡುವೆ ನೆಟ್‌ವರ್ಕ್ ಹೋಗುತ್ತದೆ, ಉಪಗ್ರಹದ ಸಂಕೇತಕ್ಕೆ ಅದರ ಹಂಗಿಲ್ಲ.

ಪತ್ರಿಕೆ ಹಂಚೋಕೆ ಹೊರಡುವವರು ಪಟ್ಟಿಯನ್ನು ಮೊದಲೇ ಎರಡು ಭಾಗ ಮಾಡಿಕೊಳ್ಳಿ. ಪೇಟೆ, ಎಸ್.ಎಸ್. ಪುರಂ, ಗುಬ್ಬಿ ಗೇಟ್, ಶೆಟ್ಟಿಹಳ್ಳಿ ಕಡೆಯ ಹಳೇ ಮನೆಗಳು ಆಟೋಗೆ, ಉಳಿದದ್ದು ಮ್ಯಾಪಿಗೆ. ಆಟೋವನ್ನು ಬೆಳಗ್ಗೆ ಹತ್ತರ ಮೇಲೆ ಮಾತಾಡಿ, ಮೂರು ಗಂಟೆಯೊಳಗೆ ಬಿಟ್ಟುಬಿಡಿ. ಆಮೇಲೆ ಅವರಿಗೆ ಸ್ಕೂಲ್ ಮಕ್ಕಳ ಖಾಯಂ ಬಾಡಿಗೆ ಇರುತ್ತದೆ, ನೀವು ಎಷ್ಟು ಕೊಡುತ್ತೇನೆಂದರೂ ನಿಲ್ಲುವುದಿಲ್ಲ.