ಪ್ರಾಜೆಕ್ಟ್ ಎಕೋ ಆನ್‌ಲೈನ್ ತರಬೇತಿ: ಟಿಬಿ ನೋಡುವ ವೈದ್ಯರಿಗೆ ಎಷ್ಟು ಉಪಯೋಗ?

ಸೋಂಕು ರೋಗಗಳ ಬಗ್ಗೆ ವೈದ್ಯರಿಗೆ ಸಿಗುವ ಆನ್‌ಲೈನ್ ಕೋರ್ಸ್‌ಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ವಿಡಿಯೊ ನೋಡಬೇಕು, ಸರಿಯುತ್ತರಕ್ಕೆ ಟಿಕ್ ಹಾಕಬೇಕು, ಪ್ರಮಾಣಪತ್ರ ಇಳಿಸಿಕೊಳ್ಳಬೇಕು. ಎಕೋ ಈ ಸಾಲಿಗೆ ಸೇರುವುದಿಲ್ಲ. ಇಲ್ಲಿ ವೈದ್ಯರು ವಿಡಿಯೊ ಸಭೆಯಲ್ಲಿ ತಮ್ಮ ರೋಗಿಯ ಕೇಸನ್ನೇ ತಜ್ಞರ ಮುಂದಿಟ್ಟು ಚರ್ಚಿಸುತ್ತಾರೆ, ಮರುದಿನ ಅದೇ ರೋಗಿಯ ಚಿಕಿತ್ಸೆ ಮುಂದುವರಿಸುತ್ತಾರೆ. ರೋಗಿ ತನ್ನ ಊರಿನ ಆಸ್ಪತ್ರೆಯಲ್ಲೇ ಉಳಿಯುತ್ತಾನೆ. ಈ ಪದ್ಧತಿಯ ನಿಜವಾದ ಬೆಲೆ ಇರುವುದು ಅಲ್ಲಿ.

ಇದನ್ನು 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಡಾ. ಸಂಜೀವ್ ಅರೋರಾ ಹೆಪಟೈಟಿಸ್ ಸಿ ಎಂಬ ಯಕೃತ್ತಿನ ವೈರಸ್ ಸೋಂಕಿನ ಚಿಕಿತ್ಸೆಗಾಗಿ ಶುರುಮಾಡಿದರು. ಆಗಿನ ಚಿಕಿತ್ಸೆ ಇಂಟರ್‌ಫೆರಾನ್ ಮತ್ತು ರೈಬಾವಿರಿನ್. ರಕ್ತಹೀನತೆ, ಖಿನ್ನತೆಯಂಥ ಅಡ್ಡಪರಿಣಾಮಗಳಿದ್ದ ಕಾರಣ ಹಳ್ಳಿಯ ವೈದ್ಯರು ಒಬ್ಬರೇ ಕೈಹಾಕಲು ಹಿಂಜರಿಯುತ್ತಿದ್ದರು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 407 ರೋಗಿಗಳಿದ್ದರು. ವಿಶ್ವವಿದ್ಯಾಲಯದ ಕ್ಲಿನಿಕ್‌ನಲ್ಲಿ ಶೇ 57.5 ಮಂದಿ ವೈರಸ್‌ನಿಂದ ಮುಕ್ತರಾದರೆ, ಎಕೋ ಮೂಲಕ ಕಲಿತವರು ನಡೆಸಿದ ಗ್ರಾಮೀಣ ಕ್ಲಿನಿಕ್ ಮತ್ತು ಜೈಲುಗಳಲ್ಲಿ ಶೇ 58.2 ಮಂದಿ. ಆನ್‌ಲೈನ್ ತರಬೇತಿಯನ್ನು ಪರೀಕ್ಷೆಯ ಅಂಕದಿಂದ ಅಳೆಯದೆ ರೋಗಿ ಗುಣವಾದನೇ ಎಂದು ನೋಡಿದ್ದು ನಮಗೆ ಬಹಳ ಮುಖ್ಯವೆನಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದೇ ಮಾದರಿಯನ್ನು ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಗೆ ಬಳಸುತ್ತಿದೆ.

ಒಂದು ಸೆಷನ್ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ. ಹದಿನೈದು ಇಪ್ಪತ್ತು ನಿಮಿಷದ ಪಾಠ, ಉಳಿದ ಹೊತ್ತು ಒಂದೋ ಎರಡೋ ಕೇಸ್. ಪಾಠ ನಲವತ್ತು ನಿಮಿಷಕ್ಕೆ ಎಳೆದರೆ ಕೇಸ್ ಚರ್ಚೆ ಅವಸರದಲ್ಲಿ ಮುಗಿಯುತ್ತದೆ. ಆಗ ಅದು ಇನ್ನೊಂದು ವೆಬಿನಾರ್, ಅಷ್ಟೆ.

ಎಲ್ಲವೂ ನಿಂತಿರುವುದು ರೋಗಿಯ ವಿವರ ತುಂಬಿ ಕೊಡುವ ಕೇಸ್ ಫಾರಂ ಮೇಲೆ. ಔಷಧ ನಿರೋಧಕ ಟಿಬಿಯನ್ನೇ ತೆಗೆದುಕೊಳ್ಳಿ. ಟ್ರೂನಾಟ್ ಎಂಬ ಟಿಬಿ ಪರೀಕ್ಷೆಯಲ್ಲಿ ರೋಗ ಇದೆಯೇ ಎಂದು ತಿಳಿಯಲು ಒಂದು ಚಿಪ್, ಟಿಬಿಯ ಮುಖ್ಯ ಔಷಧ ರಿಫಾಂಪಿಸಿನ್‌ಗೆ ನಿರೋಧಕತೆ ಇದೆಯೇ ಎಂದು ತಿಳಿಯಲು ಇನ್ನೊಂದು. (ಈ ತಂತ್ರಜ್ಞಾನ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡಿದ್ದು.) ಫಾರಂನಲ್ಲಿ ಬರೀ ‘ಟ್ರೂನಾಟ್ ಪಾಸಿಟಿವ್’ ಎಂದಿದ್ದರೆ ಎರಡನೇ ಚಿಪ್ ಏನು ಹೇಳಿತು ಎಂದು ಕೇಳುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ತೂಕ ಬರೆಯದಿದ್ದರೂ ಇದೇ ಪಾಡು. ಸಾಮಾನ್ಯ ಟಿಬಿಯಲ್ಲಿ 35ರಿಂದ 49 ಕೆ.ಜಿ. ಇರುವ ವಯಸ್ಕರಿಗೆ ದಿನಕ್ಕೆ ಮೂರು ಸಂಯುಕ್ತ ಮಾತ್ರೆ (ಹಲವು ಔಷಧ ಒಂದರಲ್ಲೇ ಸೇರಿದ್ದು), 50ರಿಂದ 64 ಕೆ.ಜಿ.ಯವರಿಗೆ ನಾಲ್ಕು. ತಿಂಗಳ ಹಿಂದಿನ ತೂಕ ನೋಡಿ ಡೋಸ್ ಹೇಳಲಾಗದು.

ಔಷಧ ನಿರೋಧಕ ಟಿಬಿಗೆ ನಾಲ್ಕು ಔಷಧ ಸೇರಿಸಿ ಕೊಡುವ ಆರು ತಿಂಗಳ ಬಿಪಾಲ್‌ಎಂ ಚಿಕಿತ್ಸೆಯ ಬಗ್ಗೆ ಕೇಳುವವರು ಇನ್ನೂ ಹೆಚ್ಚು ವಿವರ ತರಬೇಕು. ಅದರಲ್ಲಿರುವ ಲಿನೆಜೋಲಿಡ್ ರಕ್ತಹೀನತೆ ಮತ್ತು ನರಗಳ ಹಾನಿ ತರಬಲ್ಲದು. ಆದ್ದರಿಂದ ಹಿಮೋಗ್ಲೋಬಿನ್ ಬರೆಯಬೇಕು, ಪಾದ ಉರಿ ಅಥವಾ ಜೋಮು ಇದೆಯೇ ಎಂದೂ ಬರೆಯಬೇಕು. ಅದರಲ್ಲೇ ಇರುವ ಬೆಡಾಕ್ವಿಲಿನ್ ಮತ್ತು ಮಾಕ್ಸಿಫ್ಲಾಕ್ಸಾಸಿನ್ ಎರಡೂ ಇಸಿಜಿಯ ಕ್ಯೂಟಿ ಅಂತರವನ್ನು (ಒಂದು ಬಡಿತದಲ್ಲಿ ಹೃದಯದ ವಿದ್ಯುತ್ ಚಟುವಟಿಕೆಗೆ ಹಿಡಿಯುವ ಸಮಯ) ಹಿಗ್ಗಿಸುತ್ತವೆ. ಹಾಗಾಗಿ ‘ಇಸಿಜಿ ನಾರ್ಮಲ್’ ಎಂದರೆ ಸಾಲದು, ಕ್ಯೂಟಿಸಿ (ಬಡಿತದ ವೇಗಕ್ಕೆ ಸರಿಹೊಂದಿಸಿದ ಕ್ಯೂಟಿ) ಎಷ್ಟು ಮಿಲಿಸೆಕೆಂಡ್ ಎಂಬ ಅಂಕಿ ಬೇಕು. ಈ ಔಷಧಗಳನ್ನು ಹಿಂದೆ ತಿಂದಿದ್ದರೆ ಎಷ್ಟು ದಿನ ಎಂಬುದೂ ಇರಲಿ. ಎಚ್‌ಐವಿ ಮತ್ತು ಸಕ್ಕರೆ ಪರೀಕ್ಷೆಯ ಫಲಿತಾಂಶವಂತೂ ಇರಲೇಬೇಕು. ಇಷ್ಟನ್ನು ತುಂಬುವ ಹೊತ್ತಿಗೆ ವೈದ್ಯರಿಗೆ ತಮ್ಮ ಪ್ರಶ್ನೆಯ ಅರ್ಧ ಉತ್ತರ ತಾನಾಗಿಯೇ ಹೊಳೆದಿರುತ್ತದೆ. ಕಲಿಕೆ ನಡೆಯುವುದೇ ಅಲ್ಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ರೋಗಿಯ ಹೆಸರು, ಆಸ್ಪತ್ರೆಯ ನೋಂದಣಿ ಸಂಖ್ಯೆ, ಊರು ಯಾವುದೂ ಕಾಣಿಸಬಾರದು. ಸ್ಲೈಡ್‌ನಲ್ಲಿ ಹೆಸರು ಅಳಿಸಿ, ಎಕ್ಸ್‌ರೇಯ ಮೂಲೆಯಲ್ಲಿ ಹಾಗೇ ಬಿಡುವುದು ಸಾಮಾನ್ಯ ತಪ್ಪು. ಎಕ್ಸ್‌ರೇಯನ್ನು ಮೊಬೈಲ್‌ನಲ್ಲಿ ತೆಗೆಯುವಾಗ ಫಿಲ್ಮನ್ನು ಬೆಳಕಿನ ವ್ಯೂ ಬಾಕ್ಸ್ ಮೇಲಿಟ್ಟು, ಫ್ಲ್ಯಾಶ್ ಆರಿಸಿ, ನೇರವಾಗಿ ತೆಗೆಯಬೇಕು. ಸ್ಕ್ರೀನ್ ಹಂಚಿಕೊಂಡಾಗ ಚಿತ್ರ ಮಸುಕಾಗುವುದರಿಂದ ಮೂಲ ಫೈಲನ್ನು ಮೊದಲೇ ಸಂಯೋಜಕರಿಗೆ ಕಳಿಸಿದರೆ ಒಳ್ಳೆಯದು. ಒಂದೇ ಕೋಣೆಯಲ್ಲಿ ಇಬ್ಬರು ಬೇರೆ ಬೇರೆ ಫೋನ್‌ನಿಂದ ಸೇರಿದರೆ ದನಿ ಮಾರ್ದನಿಸಿ ಯಾರಿಗೂ ಕೇಳಿಸುವುದಿಲ್ಲ. ಒಂದು ಸಾಧನ ಸಾಕು. ನೆಟ್ ಕುಂಟಿದರೆ ಮೊದಲು ವಿಡಿಯೊ ನಿಲ್ಲಿಸಿ, ದನಿ ಉಳಿಯುತ್ತದೆ.

ಪರದೆಯ ಮೂಲಕ ಕಲಿಸಲಾಗದ್ದೂ ಇದೆ. ಎನ್95 ಮಾಸ್ಕ್ ಧರಿಸಿ ಅಂಚಿನಿಂದ ಗಾಳಿ ಸೋರುತ್ತಿದೆಯೇ ಎಂದು ಪರೀಕ್ಷಿಸುವುದು, ಕಲುಷಿತ ಗ್ಲೌಸ್ ಚರ್ಮಕ್ಕೆ ತಾಗದಂತೆ ಕಳಚುವುದು, ಇವಕ್ಕೆ ಎದುರಿಗೊಬ್ಬರು ನಿಂತು ನೋಡಿ ತಿದ್ದಲೇಬೇಕು. ಕೈ ತೊಳೆಯುವ ಹಂತಗಳಂಥ ಮೂಲಪಾಠಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಉಚಿತ ಸ್ವಯಂಕಲಿಕಾ ಕೋರ್ಸ್ ಮುಗಿಸಿಕೊಂಡು ಎಕೋಗೆ ಬರುವುದು ಸರಿಯಾದ ಕ್ರಮ. ಅದನ್ನೇ ಇಲ್ಲಿ ಕೇಳುತ್ತ ಕೂತರೆ ತಜ್ಞರ ಹೊತ್ತು ಹಾಳು.

ಹೊಸ ಬ್ಯಾಚ್‌ಗೆ ಸೇರುವ ಮುನ್ನ ಸಂಯೋಜಕರನ್ನು ಮೂರು ವಿಷಯ ಕೇಳಿ: ಪ್ರತಿಯೊಬ್ಬರಿಗೂ ಕನಿಷ್ಠ ಒಂದು ಕೇಸ್ ಮಂಡಿಸುವ ಅವಕಾಶವಿದೆಯೇ, ತಜ್ಞರ ಸಲಹೆ ಬರಹದಲ್ಲಿ ಯಾವಾಗ ಕೈಸೇರುತ್ತದೆ, ಕೆಲವು ವಾರಗಳ ಬಳಿಕ ಅದೇ ರೋಗಿಯ ಸ್ಥಿತಿಯನ್ನು ಮತ್ತೆ ಚರ್ಚೆಗೆ ತರುತ್ತಾರೆಯೇ. ಮೂರನೆಯದಕ್ಕೆ ‘ಇಲ್ಲ’ ಎಂದರೆ ಬೇರೆ ಬ್ಯಾಚ್ ಹುಡುಕಿ.