ಹಳೇ ಝೆನ್‌ಗೆ ಯಾವ ಹೀಟರ್ ಹೋಸ್? ಬೈಪಾಸ್, ಮೀಟರ್ ಮಾಲು, ಸಿಲಿಕೋನ್, ಒರಿಜಿನಲ್

"ಬೆಂಗಳೂರಲ್ಲಿ ಹೀಟರ್ ಯಾರಿಗೆ ಬೇಕು ಸಾರ್, ಬೈಪಾಸ್ ಮಾಡಿಬಿಡೋಣ." ಹಳೇ ಕಾರು ಇಟ್ಟುಕೊಂಡವರೆಲ್ಲ ಗ್ಯಾರೇಜಿನಲ್ಲಿ ಈ ಮಾತು ಕೇಳಿರುತ್ತಾರೆ. ನನ್ನದು 1998ರ ಮಾರುತಿ ಝೆನ್, 993 ಸಿಸಿ ಇಂಜಿನ್. ಬಿಸಿ ಕೂಲೆಂಟನ್ನು, ಅಂದರೆ ಇಂಜಿನ್ ತಣ್ಣಗಿಡುವ ದ್ರವವನ್ನು, ಕಾರಿನ ಹೀಟರಿಗೆ ಒಯ್ದು ವಾಪಸ್ ತರುವ ಪೈಪೇ ಹೀಟರ್ ಹೋಸ್. ಅದು ಹಾಳಾದಾಗ ಇರುವ ದಾರಿಗಳು, ಬೈಪಾಸ್ ಸೇರಿ, ನಾಲ್ಕು. ನಾಲ್ಕನ್ನೂ ಈ ಕಾರಿನಲ್ಲೇ ನೋಡಿದ್ದೇನೆ.

ಹೀಟರ್ ಬಳಸದಿದ್ದರೆ ಹೋಸ್ ಹಾಳಾಗುವುದಿಲ್ಲ ಅಂತ ಅಂದುಕೊಳ್ಳಬೇಡಿ. ಹೀಟರ್ ಲಿವರ್ ಎಲ್ಲೇ ಇರಲಿ, ಒಳಗೆ ಬಿಸಿ ಕೂಲೆಂಟ್ ಒತ್ತಡದಲ್ಲೇ ಇರುತ್ತದೆ. ಹೋಸ್ ಒಡೆದರೆ ಕೆಲವೇ ನಿಮಿಷಗಳಲ್ಲಿ ನೀರೆಲ್ಲ ಹೊರಗೆ. ಸೆನ್ಸರ್ ಸುತ್ತ ನೀರೇ ಇಲ್ಲದಿದ್ದರೆ ಟೆಂಪರೇಚರ್ ಮುಳ್ಳು ಮೇಲೆ ಏರದೆಯೂ ಇರಬಹುದು. ಅಲ್ಯುಮಿನಿಯಂ ಇಂಜಿನ್, ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲು) ಹೋಗಲು ಅಷ್ಟು ಸಾಕು.

ಮೊದಲು ಬೈಪಾಸ್. ಹೀಟರಿಗೆ ಹೋಗುವ, ಬರುವ ಎರಡು ಪೈಪುಗಳನ್ನು ಒಂದೇ ಹೋಸ್‌ನಿಂದ ಜೋಡಿಸಿಬಿಡುವುದು. ದಾರಿ ಮಧ್ಯೆ ಕೈಕೊಟ್ಟರೆ ಮನೆ ಸೇರಲು ಇದು ಒಳ್ಳೆಯದೇ. ಆದರೆ ಬೋಲ್ಟ್ ತುರುಕಿ ಎರಡೂ ಬಾಯಿ ಮುಚ್ಚಬೇಡಿ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ಕವಾಟ) ಮುಚ್ಚಿದ್ದಾಗ ನೀರು ತಿರುಗಲು ಕೆಲವು ಇಂಜಿನ್‌ಗಳಲ್ಲಿ ಈ ದಾರಿಯೂ ಬೇಕು. ನಾನು ಬೈಪಾಸ್ ಬಿಟ್ಟಿದ್ದು ಮಳೆಗಾಲದ ಶಿರಾಡಿ ಘಾಟಿಯಿಂದಾಗಿ. ಎಸಿ ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಗಾಜು ಬೆಚ್ಚಗಿಡುತ್ತದೆ. ಎರಡೂ ಒಟ್ಟಿಗೆ ಹಾಕಿದರೆ ಗಾಜಿನ ಮಂಜು ಬೇಗ ಹೋಗುತ್ತದೆ. ಬರೀ ಎಸಿ ಹಾಕಿಕೊಂಡು ನಡುಗುತ್ತಾ ಸಕಲೇಶಪುರ ದಾಟುವುದು ಯಾರಿಗೆ ಬೇಕು?

ಇನ್ನು ಮೀಟರ್ ಲೆಕ್ಕದಲ್ಲಿ ಸಿಗುವ ರಬ್ಬರ್ ಹೋಸ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೇ ಪೈಪಿನ ತುಂಡು ತೋರಿಸಿದರೆ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಅಗ್ಗ. ನೇರವಾಗಿ ಹೋಗುವ ಜಾಗಕ್ಕೆ ಏನೂ ತೊಂದರೆ ಇಲ್ಲ. ತಿರುವಿನಲ್ಲಿ ಮಾತ್ರ ಮಡಚಿಕೊಳ್ಳುತ್ತದೆ. ಮಡಚಿದ ಕಡೆ ನೀರು ಕಟ್ಟುತ್ತದೆ, ಅಲ್ಲೇ ಮೊದಲು ಬಿರುಕು ಬಿಡುತ್ತದೆ. ಕೊಳ್ಳುವಾಗ ಮೈಮೇಲಿನ ಬರಹ ಓದಿ. ಕೂಲೆಂಟ್ ಹೋಸ್‌ನ ಮಾನದಂಡ ಎಸ್‌ಎಇ ಜೆ20, ಅದರ ಮೇಲೆ ಹಾಗಂತಿದ್ದರೆ ಸರಿ. ಜೆ30 ಅಂದರೆ ಅದು ಪೆಟ್ರೋಲಿನದು, ಬೇಡ.

ಸಿಲಿಕೋನ್ ನೋಡಲು ಚಂದ, ನೀಲಿ, ಕೆಂಪು ಬಣ್ಣಗಳಲ್ಲಿ ಬರುತ್ತದೆ. ಸುಮಾರು 180 ಡಿಗ್ರಿವರೆಗೂ ತಡೆಯುತ್ತದೆ ಅನ್ನುವುದು ನಿಜ. ಆದರೆ ನಮ್ಮ ಹೀಟರ್ ಹೋಸ್ ಅಷ್ಟು ಬಿಸಿ ನೋಡುವುದೇ ಇಲ್ಲ. ರೇಡಿಯೇಟರ್ ಮುಚ್ಚಳ 0.9 ಬಾರ್ ಒತ್ತಡದ್ದಾದರೆ ಬರೀ ನೀರು ಕೂಡ 115 ಡಿಗ್ರಿ ದಾಟಿದ ಮೇಲೇ ಕುದಿಯುವುದು. ಒಳ್ಳೆಯ ಇಪಿಡಿಎಂ ರಬ್ಬರ್ (ಕೂಲೆಂಟ್ ಹೋಸ್‌ಗೆ ಬಳಸುವ ಕೃತಕ ರಬ್ಬರ್) ಆ ಬಿಸಿಯನ್ನು ಆರಾಮಾಗಿ ತಡೆಯುತ್ತದೆ. ಮೇಲಾಗಿ ಸಿಲಿಕೋನ್ ಮೆತ್ತಗೆ. ಸ್ಕ್ರೂ ಕ್ಲಿಪ್‌ನ ಪಟ್ಟಿಯಲ್ಲಿರುವ ಸೀಳುಗಳ ಒಳಗೆ ಅದು ಉಬ್ಬಿ ಬರುತ್ತದೆ, ಬಿಗಿ ಮಾಡಿದಷ್ಟೂ ಕತ್ತರಿಸಿಕೊಳ್ಳುತ್ತದೆ. ಒಳಮೈ ನಯವಾಗಿರುವ ಕ್ಲಿಪ್ ಬೇಕು, ಅದಕ್ಕೆ ಬೇರೆ ಖರ್ಚು. ಓಡಾಟದ ಕಾರಿಗೆ ಇದು ಸುಮ್ನೆ ಶೋಕಿ.

ನನ್ನ ಓಟು ಅಚ್ಚು ಹಾಕಿ ಬೆಂಡ್ ಮಾಡಿದ ಒರಿಜಿನಲ್ ಇಪಿಡಿಎಂ ಹೋಸ್‌ಗೆ. ಎಲ್ಲೂ ಎಳೆತ ಇಲ್ಲ, ತನ್ನ ಜಾಗದಲ್ಲಿ ತಾನೇ ಕೂರುತ್ತದೆ. ಹುಡುಕಾಟ ಮಾತ್ರ ಜಾಸ್ತಿ, ಹಳೇ ಸ್ಟಾಕ್ ತೋರಿಸುವ ಅಂಗಡಿಗಳೂ ಇವೆ. ಕೈಯಲ್ಲಿ ಬಗ್ಗಿಸಿ ನೋಡಿ. ಮೇಲೆ ಸಣ್ಣ ಗೆರೆಗಳು ಕಂಡರೆ ವಾಪಸ್ ಕೊಡಿ. ಇದಕ್ಕೆ ಇಂಜಿನ್ ಆಯಿಲ್ ಶತ್ರು. ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ) ಸೋರುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಇಲ್ಲದಿದ್ದರೆ ಹೊಸ ಹೋಸ್ ಕೂಡ ಊದಿಕೊಳ್ಳುತ್ತದೆ.

ಹಾಕಿರುವ ಹೋಸ್ ಯಾವಾಗ ಬದಲಿಸಬೇಕು? ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಈ ರಬ್ಬರ್ ಬಹಳ ಸಲ ಒಳಗಿನಿಂದ, ಅದರಲ್ಲೂ ತುದಿಗಳ ಹತ್ತಿರ ಸೀಳುತ್ತದೆ. ಇಂಜಿನ್ ತಣ್ಣಗಿದ್ದಾಗ ಕ್ಲಿಪ್‌ನಿಂದ ಎರಡು ಬೆರಳು ದೂರದಲ್ಲಿ ಹಿಸುಕಿ, ಆಮೇಲೆ ಮಧ್ಯದಲ್ಲಿ ಹಿಸುಕಿ. ತುದಿ ಮೆತ್ತಗಿದ್ದು ಮಧ್ಯ ಗಟ್ಟಿ ಇದ್ದರೆ ಅದರ ಕಥೆ ಮುಗಿಯಿತು. ಕ್ಲಿಪ್ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಸೋರಿಕೆ ಇದೆ ಅಂತ.

ಬಿಚ್ಚುವಾಗ ದಯವಿಟ್ಟು ಎಳೆಯಬೇಡಿ. ಹೀಟರ್ ಕೋರ್, ಅಂದರೆ ಡ್ಯಾಶ್‌ಬೋರ್ಡ್ ಒಳಗಿನ ಪುಟ್ಟ ರೇಡಿಯೇಟರ್, ಅದರ ಪೈಪು ತೆಳು. ಅದು ಬಗ್ಗಿದರೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ. ಅಂಟಿಕೊಂಡ ಹೋಸನ್ನು ಬ್ಲೇಡ್‌ನಿಂದ ಉದ್ದಕ್ಕೆ ಸೀಳಿ, ಸಿಪ್ಪೆ ಥರ ಬಿಡಿಸಿ ತೆಗೆಯಿರಿ. ಬ್ಲೇಡ್ ಪೈಪಿಗೆ ಗೀರದಿರಲಿ. ಪೈಪಿನ ಮೇಲಿನ ಪುಡಿ ಒರೆಸಿ, ಹೊಸದನ್ನು ಸ್ವಲ್ಪ ಕೂಲೆಂಟ್ ಹಚ್ಚಿ ತೂರಿಸಿ. ಗ್ರೀಸ್ ಬೇಡ. ಇಳಿಸಿದ ಕೂಲೆಂಟ್ ನೆಲದ ಮೇಲೆ ಬಿಡಬೇಡಿ. ಸಿಹಿ ಅಂತ ನಾಯಿ ನೆಕ್ಕುತ್ತವೆ, ಅದು ವಿಷ.

ಕೂಲೆಂಟ್ ತುಂಬಿಸುವಾಗ ಹೀಟರ್ ಲಿವರ್ ಪೂರ್ತಿ ಬಿಸಿ ಕಡೆ ಇರಲಿ. ಇಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲುವವರೆಗೆ ಓಡಿಸಿ. ಗಾಳಿ ಉಳಿದರೆ ಹೀಟರ್ ತಣ್ಣಗೇ ಇರುತ್ತದೆ.

ಬೆಳಿಗ್ಗೆ ಒಂದೆರಡು ಹನಿ ಬಿದ್ದು ಇಂಜಿನ್ ಬಿಸಿಯಾದ ಮೇಲೆ ನಿಂತರೆ ಹೋಸ್ ಬೈಯುವ ಮೊದಲು ಕ್ಲಿಪ್ ನೋಡಿ. ರಬ್ಬರ್ ದಿನ ಕಳೆದಂತೆ ಅಮುಕಿಕೊಳ್ಳುತ್ತದೆ, ಸ್ಕ್ರೂ ಕ್ಲಿಪ್ ಇದ್ದಲ್ಲೇ ಇರುತ್ತದೆ. ಸ್ಪ್ರಿಂಗ್ ಕ್ಲಿಪ್ ಅದರ ಜೊತೆಗೇ ಬಿಗಿಯಾಗುತ್ತಾ ಹೋಗುತ್ತದೆ. ನನ್ನ ಕಾರಿನಲ್ಲಿ ಈಗ ಇಂಜಿನ್ ಕಡೆ ಸ್ಪ್ರಿಂಗ್ ಕ್ಲಿಪ್ ಇದೆ. ಫೈರ್‌ವಾಲ್ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಹತ್ತಿರ ಪ್ಲೈಯರ್ ಹೋಗಲು ಜಾಗ ಇಲ್ಲ, ಹಾಗಾಗಿ ಅಲ್ಲಿ ಸ್ಕ್ರೂ ಕ್ಲಿಪ್ಪೇ.