ಎಂಟು ಸೂ ಕೂಲಿಯ ಹೆಂಗಸಿನ ಕಾಗದ ಪೂರ್ತಿ ಸಿಕ್ಕಿದ್ದು ಇಲ್ಲಿ: ಫೌಂಡರ್ಸ್ ಆನ್‌ಲೈನ್

ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಅಮೆರಿಕದ ಕ್ರಾಂತಿಯ ಪಾಠದ ದಿನ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಮೇಡಂ, ಎಲ್ಲರೂ ಸಮಾನರು ಅಂತ ಬರೆದ್ರಲ್ಲ, ಜಮೀನೂ ಹಂಚಿದ್ರಾ?"

ಅವಳಿಗೆ ಸರಿಯಾದ ಉತ್ತರ ಕೊಡಬೇಕು ಅನ್ನಿಸಿತು. ಸ್ವಾತಂತ್ರ್ಯ ಘೋಷಣೆಯಲ್ಲಿ ಆ ಸಮಾನತೆಯ ಮಾತು ಬರೆದ ಥಾಮಸ್ ಜೆಫರ್ಸನ್‌ನ ಕಾಗದಗಳ ಸಂಕಲನವೊಂದನ್ನು 480 ರೂಪಾಯಿ ಕೊಟ್ಟು ತರಿಸಿದೆ. ನನಗೆ ಬೇಕಾಗಿದ್ದ ಕಾಗದ ಅದರಲ್ಲಿ ಅರ್ಧ ಪುಟಕ್ಕೇ ನಿಂತಿತ್ತು. ಮುಂದೆ ಬರೀ ಮೂರು ಚುಕ್ಕಿ. ಉಳಿದರ್ಧವನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಫೌಂಡರ್ಸ್ ಆನ್‌ಲೈನ್.

ಇದು ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಮತ್ತು ವರ್ಜೀನಿಯಾ ವಿಶ್ವವಿದ್ಯಾಲಯದ ಪ್ರಕಾಶನ ಸೇರಿ 2013ರಲ್ಲಿ ಶುರು ಮಾಡಿದ ಜಾಲತಾಣ. ಅಮೆರಿಕ ದೇಶ ಕಟ್ಟಿದ ನಾಯಕರಾದ ವಾಷಿಂಗ್ಟನ್, ಆಡಮ್ಸ್, ಫ್ರಾಂಕ್ಲಿನ್, ಜೆಫರ್ಸನ್, ಮ್ಯಾಡಿಸನ್, ಹ್ಯಾಮಿಲ್ಟನ್, ಜೇ ಬರೆದ ಮತ್ತು ಅವರಿಗೆ ಬಂದ ಕಾಗದಪತ್ರಗಳು ಇಲ್ಲಿವೆ. ಒಟ್ಟು 1,80,000ಕ್ಕೂ ಜಾಸ್ತಿ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ.

ನಾನು ಹುಡುಕಿದ ಕಾಗದ 1785ರ ಅಕ್ಟೋಬರ್ 28ರದ್ದು. ಜೆಫರ್ಸನ್ ಆಗ ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿ. ರಾಜ ಬೇಟೆಗೆ ಬರುವ ಫಾಂಟೆನ್‌ಬ್ಲೋ ಊರಿನಿಂದ ಮ್ಯಾಡಿಸನ್‌ಗೆ ಬರೆದಿದ್ದಾನೆ. ಗುಡ್ಡದ ಕಡೆ ಒಬ್ಬನೇ ನಡೆದು ಹೋಗುವಾಗ ಒಬ್ಬ ಬಡ ಹೆಂಗಸು ಜೊತೆಯಾಗುತ್ತಾಳೆ. ದಿನಗೂಲಿಯವಳು. ದಿನಕ್ಕೆ 8 ಸೂ ಕೂಲಿ (ಸೂ ಅಂದರೆ ಆಗಿನ ಫ್ರೆಂಚ್ ಚಿಲ್ಲರೆ ನಾಣ್ಯ, 20 ಸೂಗೆ ಒಂದು ಲೀವ್ರ್), ಇಬ್ಬರು ಮಕ್ಕಳು. ಮನೆ ಬಾಡಿಗೆ 30 ಲೀವ್ರ್, ಅಂದರೆ 75 ದಿನದ ದುಡಿಮೆ. ಎಷ್ಟೋ ಸಲ ಕೆಲಸವೂ ಇಲ್ಲ, ಆಗ ರೊಟ್ಟಿಯೂ ಇಲ್ಲ. ಸುಮಾರು ಒಂದು ಮೈಲಿ ದಾರಿ ತೋರಿಸಿದ್ದಕ್ಕೆ ಅವನು 24 ಸೂ ಕೊಡುತ್ತಾನೆ. ಮೂರು ದಿನದ ಕೂಲಿ ಅಷ್ಟೆ. ಅವಳು ಅತ್ತುಬಿಡುತ್ತಾಳೆ, ಬಾಯಿಂದ ಮಾತೇ ಹೊರಡುವುದಿಲ್ಲ.

ನನ್ನ ಪುಸ್ತಕ ನಿಂತಿದ್ದು ಇಲ್ಲಿಗೇ. ಆದರೆ ಕಾಗದದ ಜೀವ ಇರುವುದು ಇದರ ಮುಂದೆ. ಇಷ್ಟೊಂದು ಭೂಮಿ ಪಾಳು ಬಿದ್ದಿರುವಾಗ ಇಷ್ಟೊಂದು ಜನ ಭಿಕ್ಷೆ ಬೇಡುವುದು ಯಾಕೆ ಅಂತ ಅವನು ಕೇಳಿಕೊಳ್ಳುತ್ತಾನೆ. ಆಸ್ತಿಯನ್ನು ಎಲ್ಲರಿಗೂ ಸರಿಸಮ ಹಂಚುವುದು ಆಗದ ಮಾತು ಅನ್ನುತ್ತಾನೆ. ಆದರೂ ಅದು ಒಂದೇ ಕಡೆ ಗುಡ್ಡೆ ಬೀಳದಂತೆ ಎಷ್ಟು ದಾರಿ ಹುಡುಕಿದರೂ ಸಾಲದು ಅನ್ನುತ್ತಾನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಎಲ್ಲ ಮಕ್ಕಳಿಗೂ ಪಾಲು. ಕಡಿಮೆ ಆಸ್ತಿಯವರಿಗೆ ತೆರಿಗೆ ಬೇಡ, ಆಸ್ತಿ ಏರಿದಂತೆ ತೆರಿಗೆ ದರವೂ ಏರಬೇಕು. ಸ್ವಲ್ಪವೂ ಭೂಮಿ ಇಲ್ಲದವರು ಆದಷ್ಟು ಕಡಿಮೆ ಇರಬೇಕು, ಸಣ್ಣ ಹಿಡುವಳಿದಾರರೇ ರಾಜ್ಯದ ಅತ್ಯಮೂಲ್ಯ ಜನ ಎಂದೂ ಬರೆದಿದ್ದಾನೆ.

ಅದನ್ನು ಓದಿ ಸುಮಾರು ಹೊತ್ತು ಸುಮ್ನೆ ಕೂತೆ. ನಮ್ಮಜ್ಜಿ ಗೇಣಿ ಗದ್ದೆ ಮಾಡಿದವಳು. 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದ ಮೇಲೆ ಒಂದೂವರೆ ಎಕರೆ ಅವಳ ಹೆಸರಿಗಾಯಿತು. ಪಹಣಿಯನ್ನು ನಾಲ್ಕು ಮಡಿಕೆ ಮಾಡಿ, ಮದುವೆ ಸೀರೆಯ ಒಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕುತ್ತಿದ್ದಳು. ಓದಲು ಬಾರದವಳಿಗೂ ಆ ಕಾಗದದ ಬೆಲೆ ಗೊತ್ತಿತ್ತು.

ಈ ತಾಣದಲ್ಲಿ ನನಗೆ ಬಹಳ ಹಿಡಿಸಿದ್ದು ಮಾತಿಗೆ ಮಾತು ಸಿಗುವುದು. ಬರೆದವರು, ಪಡೆದವರು, ತಾರೀಖು ಹಾಕಿ ಹುಡುಕಬಹುದು. ಹಾಗೆ ಹುಡುಕಿದರೆ 1786ರ ಜೂನ್ 19ರ ಮ್ಯಾಡಿಸನ್ ಉತ್ತರ ಬರುತ್ತದೆ. ಆಸ್ತಿ ಹಂಚಿಹೋಗುವ ಕಾನೂನು ಇದ್ದರೆ ಬಡವರ ಕಷ್ಟ ತಗ್ಗುತ್ತದೆ ಅಂತ ಅವನೂ ಒಪ್ಪುತ್ತಾನೆ. ಆದರೆ ಜನ ಕಿಕ್ಕಿರಿದ ದೇಶದಲ್ಲಿ ಸ್ವಲ್ಪ ಕಷ್ಟ ಇದ್ದೇ ಇರುತ್ತೆ ಅನ್ನುತ್ತಾನೆ. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. 1783ರ ಕ್ರಿಸ್‌ಮಸ್ ದಿನ ಫ್ರಾಂಕ್ಲಿನ್, ಆಗ ಅಮೆರಿಕದ ಹಣಕಾಸು ನೋಡಿಕೊಳ್ಳುತ್ತಿದ್ದ ರಾಬರ್ಟ್ ಮಾರಿಸ್‌ಗೆ ಬರೆದದ್ದು ಇನ್ನೂ ಖಾರ. ಬದುಕಲು ಬೇಕಾದಷ್ಟನ್ನು ಬಿಟ್ಟು ಮಿಕ್ಕ ಆಸ್ತಿಯೆಲ್ಲ ಸಮಾಜದ ಕಾನೂನಿನಿಂದ ಬಂದದ್ದು, ಬೇಕೆಂದಾಗ ಕೇಳುವ ಹಕ್ಕು ಸಮಾಜಕ್ಕಿದೆ ಎಂಬ ವಾದ.

ಒಂದು ಮಾತು ನೆನಪಿರಲಿ. ಇವು ಮುಖ್ಯವಾಗಿ ಏಳು ಗಂಡಸರ ಕಾಗದಪತ್ರಗಳು. ಫ್ರೆಂಚ್ ಹೆಂಗಸಿಗಾಗಿ ಮರುಗಿದ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಅವಳಿಗೆ 8 ಸೂ ಆದರೂ ಇತ್ತು, ಇವರಿಗೆ ಕೂಲಿಯೇ ಇರಲಿಲ್ಲ. ಇದನ್ನು ಹೇಳದೆ ಆ ಕಾಗದವನ್ನು ಪಾಠ ಮಾಡಬಾರದು. ಇನ್ನು ಅದೇ ಕಾಲದ ಲೇಖಕ ಥಾಮಸ್ ಪೇನ್, ಭೂಮಿ ಇಲ್ಲದವರಿಗೆ ಸಮಾಜ ಎಷ್ಟು ಕೊಡಬೇಕು ಅಂತ 1797ರಲ್ಲಿ ಅಚ್ಚು ಹಾಕಿಸಿದ ಲೆಕ್ಕ ಬೇಕಿದ್ದರೆ ಅಮೆರಿಕದಲ್ಲಿ ಪಿಂಚಣಿ ನೋಡಿಕೊಳ್ಳುವ ಸೋಶಿಯಲ್ ಸೆಕ್ಯುರಿಟಿ ಇಲಾಖೆಯ ಇತಿಹಾಸ ಪುಟಕ್ಕೆ ಹೋಗಿ, ಅಲ್ಲೂ ಉಚಿತ. 21 ತುಂಬಿದ ಪ್ರತಿಯೊಬ್ಬರಿಗೂ 15 ಪೌಂಡ್, 50 ದಾಟಿದವರಿಗೆ ವರ್ಷಕ್ಕೆ 10 ಪೌಂಡ್, ಹಣ ಬರುವುದು ಪಿತ್ರಾರ್ಜಿತ ಆಸ್ತಿಯ ಮೇಲಿನ ತೆರಿಗೆಯಿಂದ.

ಹಳೆಯ ಇಂಗ್ಲಿಷ್, ಕಾಗುಣಿತವೂ ಆಗಿನದೇ. ನಿಧಾನವಾಗಿ ಓದಿ. ನಾನು ಫಾಂಟೆನ್‌ಬ್ಲೋ ಕಾಗದವನ್ನು ಕನ್ನಡದಲ್ಲಿ ಹೇಳಿ, 30 ಲೀವ್ರ್‌ಗೆ 600 ಸೂ, 8ರಿಂದ ಭಾಗಿಸಿ ಅಂತ ಬೋರ್ಡಿನ ಮೇಲೆ ಬರೆದೆ. ಪ್ರಶ್ನೆ ಕೇಳಿದ ಹುಡುಗಿಯೇ ಮೊದಲು 75 ಅಂದಳು. ಆಮೇಲೆ ತಮ್ಮ ಮನೆ ಬಾಡಿಗೆಗೆ ಅಮ್ಮನ ಎಷ್ಟು ದಿನದ ಕೂಲಿ ಬೇಕು ಅಂತ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕತೊಡಗಿದಳು.